ಖಂಡೆ ಪೂಜೆಗೆ ಕೂತ ಮೋಟಾರು

ಮೊನ್ನೆ ಜೇವರ್ಗಿಯ ಪೆಟ್ರೋಲ್ ಬಂಕಿನಲ್ಲಿ ಕೆಲಸದವನು ಮೊಬೈಲಿನಲ್ಲಿ ಹರಟುತ್ತ ನನ್ನ ಸ್ಕೂಟಿಯ ಟ್ಯಾಂಕು ಉಕ್ಕುವಷ್ಟು ಪೆಟ್ರೋಲ್ ಹಾಕಿದ. ಅದು ಸೀಟಿನ ಕೆಳಗಿನಿಂದ ಇಳಿದು ನನ್ನ ಕಾಲಿಗೆ, ಸೀರೆಯ ಅಂಚಿಗೆ ಬಂತು. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೈದ ಬೈಗುಳಕ್ಕೆ ಲೈನಿನಲ್ಲಿದ್ದ ಲಾರಿಯವರೂ ಇಳಿದು ನೋಡಿದರು. ಬಂಕಿನ ಮಾಲಕ ಓಡಿ ಬಂದು, "ಒಂದ್ ಹನಿ ಪೆಟ್ರೋಲಿಗೆ ಇಷ್ಟ್ ಸಿಟ್ಟೇನ್ರಿ ಸಿಸ್ಟರ್?" ಅಂದ. ಅವನಿಗೇನು ಗೊತ್ತು? ಆ ಸಿಟ್ಟು ಅವನ ಮೇಲಿನದಲ್ಲ, ಅವನ ಹನಿಯ ಮೇಲಿನದೂ ಅಲ್ಲ. ಅಫಜಲಪುರ ತಾಲೂಕಿನಲ್ಲಿ ನಾನು ಕಳೆದ ಒಂದೇ ಒಂದು ಮಳೆಗಾಲದ್ದು. ಇನ್ನೂ ಆರಿಲ್ಲ. ಆರುವ ಲಕ್ಷಣವೂ ಇಲ್ಲ.

ನಾನು ಆಳಂದದವಳು. ಆರೋಗ್ಯ ಇಲಾಖೆಯಲ್ಲಿ ನರ್ಸು. ಬಸುರಿಯರನ್ನು ನೋಡುವುದು, ಕೂಸುಗಳಿಗೆ ಲಸಿಕೆ ಹಾಕುವುದು, ಓಣಿ ಓಣಿ ತಿರುಗಿ ಜ್ವರ ಕೇಳುವುದು ನನ್ನ ಕೆಲಸ. ಆ ವರ್ಷ ಭೀಮಾ ದಂಡೆಯ ಒಂದು ಊರಿಗೆ ನನ್ನನ್ನು ಹಾಕಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಫೋನು ಬರುತ್ತದೆ, ಆಮೇಲೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ನಮ್ಮ ಓಣಿಯಲ್ಲಿ ನೀರೆಂದರೆ ಬಾವಿಗೆ ಬಗ್ಗಿ, ಇದೆಯೋ ಇಲ್ಲವೋ ಎಂದು ನೋಡುವ ವಸ್ತು. ಈ ಊರಲ್ಲಿ ಅದು ತಾನೇ ಎದ್ದು ಮನೆ ಬಾಗಿಲಿಗೆ ಬಂತು. ಮಳೆ ಎಲ್ಲೋ ಮೇಲೆ, ಮಹಾರಾಷ್ಟ್ರದ ಕಡೆ. ಅಲ್ಲಿ ಅಣೆಕಟ್ಟಿನ ಬಾಗಿಲು ತೆಗೆದರು, ಇಲ್ಲಿ ತೊಗರಿ ಮುಳುಗಿತು, ಕಬ್ಬು ಮಲಗಿತು. ಊರಿಗೂ ಡಾಂಬರು ರಸ್ತೆಗೂ ನಡುವೆ ಇದ್ದದ್ದು ಒಂದೇ ಹಳ್ಳ, ಅದರ ಮೇಲೊಂದು ಸಣ್ಣ ಸೇತುವೆ. ನದಿಯ ಹಿನ್ನೀರು ಹಳ್ಳಕ್ಕೆ ಏರಿ ಸೇತುವೆಯ ತಲೆಯೂ ಕಾಣದಂತಾಯಿತು. ಊರು ನಡುಗಡ್ಡೆಯಾಯಿತು. ತಗ್ಗಿನ ಮನೆಗಳವರೆಲ್ಲ ಗಂಟುಮೂಟೆ ಹೊತ್ತು ಶಾಲೆಯಲ್ಲಿ ಸೇರಿಕೊಂಡರು.

ಅಂಥ ಹೊತ್ತಿಗೆಂದೇ ಸರ್ಕಾರದಿಂದ ಊರಿಗೊಂದು ದೋಣಿ ಬಂದಿತ್ತು. ಹಿಂದಿನ ಹಲಗೆಗೆ ಸಿಕ್ಕಿಸುವ ಸಣ್ಣ ಮೋಟಾರು, ಒಂದು ಪೆಟ್ರೋಲ್ ಡಬ್ಬಿ, ಎರಡನ್ನೂ ಕೂಡಿಸುವ ಕರಿ ಪೈಪು. ಓಡಿಸಲು ಯಲ್ಲಪ್ಪ ಎಂಬ ಅಂಬಿಗ. ನದಿಯ ಮೈ ಅವನಿಗೆ ಅಂಗೈ ಇದ್ದ ಹಾಗೆ, ಮೋಟಾರಿನದು ಮಾತ್ರ ಹಗ್ಗ ಜಗ್ಗುವಷ್ಟೇ ವಿದ್ಯೆ. ದೋಣಿಯ ಉಸ್ತುವಾರಿ ಶರಣಗೌಡರದು. ಅವರು ಊರಿನ ದೊಡ್ಡ ಜಮೀನುದಾರರು, ಪಂಚಾಯಿತಿಯ ಹಿರಿಯರು. ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಅನುಕೂಲವಾಗುತ್ತಿತ್ತು. ಆದರೆ ಶಾಲೆಯಲ್ಲಿದ್ದವರಿಗೆ ದಿನಾ ಜೋಳದ ಹಿಟ್ಟು, ಬೇಳೆ ಕಳಿಸಿದವರು ಅವರೇ. ಇಷ್ಟಲಿಂಗ ಪೂಜೆ ಆಗದೆ ಹನಿ ನೀರು ಮುಟ್ಟದ ಮನುಷ್ಯ. ನನ್ನನ್ನು "ತಂಗೆವ್ವ" ಎಂದೇ ಕರೆಯುತ್ತಿದ್ದರು.

ಇನ್ನು ಮಹಾದೇವಿ. ಅವಳು ಊರಿನ ಆಶಾ ಕಾರ್ಯಕರ್ತೆ, ಅಂದರೆ ಕೈಕಾಲು ನನ್ನವು, ಬಾಯಿ ಅವಳದು. ಗುಲಾಬಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಓಣಿಗೆ ಬಂದರೆ ಗಂಡಸರು ಬೀಡಿ ಆರಿಸುತ್ತಿದ್ದರು. ಮಂತ್ರ ಹಾಕಿಸುವವರು, ತಾಯಿತ ಕಟ್ಟಿಸುವವರು, ಮಗು ಅತ್ತರೆ ದೃಷ್ಟಿ ಎಂದು ಮೆಣಸಿನಕಾಯಿ ಸುಡುವವರು, ಯಾರನ್ನೂ ಅವಳು ಬಿಡುತ್ತಿರಲಿಲ್ಲ. "ಮೆಣಸಿನಕಾಯಿ ಸುಟ್ರ ಕೂಸು ಇನ್ನಾ ಕೆಮ್ಮತದ ಬೇ, ಮದಲ ಎದಿಗಿ ಹಾಕ್ಕೊ" ಎಂದು ಬಾಣಂತಿಯ ತಲೆಗೆ ಮೊಟಕುತ್ತಿದ್ದಳು. ಬಂದ ಹೊಸತರಲ್ಲಿ ನನಗೇ ಅವಳನ್ನು ಕಂಡರೆ ಅಳುಕಿತ್ತು. ಆಮೇಲೆ ಅವಳಿಲ್ಲದೆ ರೊಟ್ಟಿ ಇಳಿಯದಂತಾಯಿತು.

ನೀರು ನಿಂತಿರುವಾಗಲೇ ದಸರೆ ಬಂತು. ಆ ಕಡೆ ಮಹಾನವಮಿಗೆ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಕುಡುಗೋಲು, ಕೊಡಲಿ, ಕುಂಟೆ, ಟ್ರ್ಯಾಕ್ಟರು, ಪಂಪು, ಹೊಟ್ಟೆಗೆ ಅನ್ನ ಹಾಕುವ ಸಾಮಾನೆಲ್ಲ ತೊಳೆದು ಪೂಜೆಗೆ ಇಡುತ್ತಾರೆ. ಇಟ್ಟ ಮೇಲೆ ಅವತ್ತು ಮುಟ್ಟುವಂತಿಲ್ಲ. ಮರುದಿನ ಬನ್ನಿ ಮುಡಿದು ಬಂದ ಮೇಲೆಯೇ ಎತ್ತುವುದು. ನಮ್ಮಪ್ಪನೂ ತನ್ನ ಹಳೆ ಸ್ಕೂಟರಿಗೆ ಹೂವು ಏರಿಸಿ ಅವತ್ತು ಬಜಾರಕ್ಕೆ ನಡೆದೇ ಹೋಗುತ್ತಿದ್ದ. ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆದರೆ ಊರು ನೀರಿನ ನಡುವೆ ನಿಂತಿರುವಾಗ ದೋಣಿಯ ಮೋಟಾರನ್ನೇ ಬಿಚ್ಚಿ ತಂದು ಗೌಡರ ವಾಡೆಯ ಪಡಸಾಲೆಯಲ್ಲಿ ಪೂಜೆಗೆ ಕೂಡಿಸಿದರಲ್ಲ, ಅದಕ್ಕೆ ಏನೆನ್ನಬೇಕು? ಬರೀ ಕೂಡಿಸಲಿಲ್ಲ. ಪೈಪು ಕಳಚಿದರು. ಎಲ್ಲವನ್ನೂ ನೀರಲ್ಲಿ ಮೀಯಿಸಿದರು. ಭಕ್ತಿ ಹೆಚ್ಚಾಗಿ, ಹಸಿ ವಿಭೂತಿ ಕಲಸಿ ಮೋಟಾರಿನ ನೆತ್ತಿಗೆ, ಡಬ್ಬಿಗೆ, ಪೈಪಿನ ಎರಡೂ ಬಾಯಿಗೆ ಮೂರು ಮೂರು ಬೆರಳು ಎಳೆದರು.

ಮಹಾದೇವಿ ಬೆಳಿಗ್ಗೆಯೇ ಅದನ್ನು ನೋಡಿ ಬಂದು ನಕ್ಕಿದ್ದಳು. "ಮೋಟಾರ್ ಸ್ವಾಮಿಗೋಳು ಐಕ್ಯ ಆಗ್ಯಾರ್ರಿ ಸಿಸ್ಟರ್, ನಾಳಿ ತನಕ ದರ್ಶನ ಇಲ್ಲ" ಅಂದಳು. ನಾನೂ ನಕ್ಕೆ.

ಮಧ್ಯಾಹ್ನ ಶಾಲೆಯಲ್ಲಿ ಅಡುಗೆಗೆ ಕಟ್ಟಿಗೆ ಎಳೆಯಲು ಹೋದಾಗ ಕಟ್ಟಿಗೆಯ ಸಂದಿಯಲ್ಲಿ ಕೂತಿದ್ದ ಹಾವು ಅವಳ ಹಿಮ್ಮಡಿಯ ಮೇಲೆ ಕಚ್ಚಿತು. ನೆರೆ ಬಂದಾಗ ನಮ್ಮ ಹಾಗೆಯೇ ಹಾವುಗಳೂ ಎತ್ತರಕ್ಕೆ ಬರುತ್ತವೆ. ಕೊಳಕುಮಂಡಲ. ಜನ ಅದನ್ನು ಬಡಿದು ತಂದು ತೋರಿಸಿದರು. ನಾನು ಓಡಿ ಹೋಗುವಷ್ಟರಲ್ಲಿ ಯಾರೋ ಕಾಲಿಗೆ ಬಿಗಿಯಾಗಿ ಹುರಿ ಬಿಗಿದಿದ್ದರು, ಅದನ್ನು ಬಿಚ್ಚಿಸಿದೆ. ಕಾಲು ಅಲುಗದಂತೆ ಪಟ್ಟಿ ಕಟ್ಟಿದೆ. ನನ್ನ ಹತ್ತಿರ ಹಾವಿನ ಔಷಧಿ ಇರಲಿಲ್ಲ, ಅದು ಇರುವುದು ಅಫಜಲಪುರದ ದವಾಖಾನೆಯಲ್ಲಿ. ಆಂಬುಲೆನ್ಸಿಗೆ ಫೋನು ಮಾಡಿದೆ. ಹಳ್ಳದ ಆಚೆ ಬಂದು ನಿಲ್ಲುತ್ತೇವೆ ಎಂದರು. ಹೊತ್ತು ಹೋದಷ್ಟೂ ಆ ವಿಷ ಮೂತ್ರಪಿಂಡಕ್ಕೆ ಇಳಿಯುತ್ತದೆ ಎಂಬುದು ನನಗೂ ಗೊತ್ತು, ಮಹಾದೇವಿಗೂ ಗೊತ್ತು. ಅದನ್ನು ಊರಿಗೆಲ್ಲ ಹೇಳಿಕೊಟ್ಟವಳೇ ಅವಳು.

ನಾನು ಬರಿಗಾಲಲ್ಲಿ ಗೌಡರ ವಾಡೆಗೆ ಓಡಿದೆ. ಯಲ್ಲಪ್ಪ ಅಲ್ಲೇ ಹೋಳಿಗೆ ಊಟಕ್ಕೆ ಬಂದವನು ಕಟ್ಟೆಯ ಮೇಲೆ ಕೂತಿದ್ದ. ಮೋಟಾರು ಒಳಗೆ ಚೆಂಡುಹೂವಿನ ಮಾಲೆ ಹಾಕಿಕೊಂಡು ಮಣೆಯ ಮೇಲೆ ನಿಂತಿತ್ತು.

"ಗೌಡ್ರೆ, ಮಹಾದೇವಿಗಿ ಹಾವು ಕಡದದ. ಮೋಟಾರ್ ಕೊಡ್ರಿ, ಜಲ್ದಿ."

ಗೌಡರು ಎದ್ದು ನಿಂತರು. ಮುಖ ಕಪ್ಪಿಟ್ಟಿತು. ಆದರೆ ಬಾಯಿಂದ ಬಂದದ್ದು, "ಪೂಜಿಗಿ ಕುಂತದಲ್ಲ ತಂಗೆವ್ವ. ಬನ್ನಿ ಆಗೂ ಮಟ ಎತ್ತಬಾರದು. ನದಿ ಮ್ಯಾಲಿನ ಮಾತದ. ಎತ್ತಿದ್ರ ಬಲಿ ತಗೋತದ. ಹರಗೋಲದಾಗ ದಾಟಿಸ್ರಿ."

"ಲೇ ಯಲ್ಲಪ್ಪ, ಹರಗೋಲದಾಗ ಆಗತದೇನೋ?" ಎಂದು ನಾನು ಕೇಳಿದೆ.

"ಆಗಂಗಿಲ್ರಿ ಅಕ್ಕ. ಹಳ್ಳದ ಬಾಯಾಗ ನದಿ ಜಗ್ಗಾಕತ್ತದ. ಹರಗೋಲ ಗರಗರ ತಿರುಗಿಸಿ ಒಯ್ತದ."

 ಪಡಸಾಲೆಯ ತುಂಬ ಜನ, ಒಬ್ಬರೂ ಮೋಟಾರಿನ ಕಡೆ ಹೆಜ್ಜೆ ಇಡಲಿಲ್ಲ. ಒಬ್ಬ ಮುದುಕ ಊರ ದೇವರ ಗುಡಿಗೆ ಒಯ್ದು ಅಂಗಾರದ ಬೂದಿ ಹಚ್ಚಿಸಿರಿ ಅಂದ. ಇನ್ನೊಬ್ಬ ಮಠದ ಸ್ವಾಮಿಗಳನ್ನು ಫೋನಿನಲ್ಲಿ ಕೇಳೋಣ ಅಂದ. ನಿಜಕ್ಕೂ ಕೇಳಲು ಹೊರಟರು! ಫೋನು ಹತ್ತಲಿಲ್ಲ, ಮತ್ತೆ ಮಾಡಿದರು, ಯಾರೋ ಎತ್ತಿದರು, ಸ್ವಾಮಿಗಳು ಪ್ರಸಾದಕ್ಕೆ ಕೂತಿದ್ದಾರೆ ಅಂದರು. ಅಲ್ಲಿ ಮಹಾದೇವಿಯ ಕಾಲು ಊದಿಕೊಳ್ಳುತ್ತಿತ್ತು, ಇಲ್ಲಿ ಇವರು ಒಂದು ಊಟ ಮುಗಿಯುವುದನ್ನು ಕಾಯುತ್ತಿದ್ದರು.  ಎಷ್ಟು ಹೊತ್ತು ಅಂಗಲಾಚಿದೆ, ಎಷ್ಟು ಹೊತ್ತು ಚೀರಿದೆ ಎಂಬುದು ನೆನಪಿಲ್ಲ. ಕೊನೆಗೆ ಒಳಗೆ ನುಗ್ಗಿ ಮಾಲೆ ಕಿತ್ತು ಬಿಸುಟೆ. ಮೋಟಾರಿಗೆ ತೆಕ್ಕೆ ಹಾಕಿದೆ. ಎತ್ತಲು ಆಗಲಿಲ್ಲ, ಕಬ್ಬಿಣದ ರಾಶಿ ಅದು. "ಯಲ್ಲಪ್ಪ, ಬರ್ತೀಯೋ ಇಲ್ಲೋ?" ಅಂದೆ. ಅವನು ಗೌಡರ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ನೆಲ ನೋಡುತ್ತ ಬಂದು ಹೆಗಲಿಗೆ ಎತ್ತಿಕೊಂಡ. ಡಬ್ಬಿ, ಪೈಪು ನಾನು ಹಿಡಿದೆ. ಯಾರೂ ಅಡ್ಡ ಬರಲಿಲ್ಲ. ಯಾರೂ ಕೈ ಹಾಕಲೂ ಇಲ್ಲ.

ದಂಡೆಗೆ ಬರುವಷ್ಟರಲ್ಲಿ ಮಹಾದೇವಿಯನ್ನು ಹೊರಸಿನ ಮೇಲೆ ತಂದು ದೋಣಿಯಲ್ಲಿ ಮಲಗಿಸಿದ್ದರು. ಗೌಡರೂ ಹಿಂದೆಯೇ ಬಂದರು, "ನಾನೂ ಬರ್ತೇನಿ, ಏನ್ ಆದ್ರೂ ನನ್ನ ತಲಿ ಮ್ಯಾಲ ಆಗ್ಲಿ" ಎಂದು ಹತ್ತಿ ಕೂತರು. ಯಲ್ಲಪ್ಪ ಮೋಟಾರು ಸಿಕ್ಕಿಸಿ, ಪೈಪು ಕೂಡಿಸಿ ಹಗ್ಗ ಜಗ್ಗಿದ. ಬುರ್ ಅನ್ನಲಿಲ್ಲ. ಮತ್ತೆ ಜಗ್ಗಿದ. ಪೈಪಿನ ನಡುವೆ ಮುಷ್ಟಿಗಾತ್ರದ ರಬ್ಬರ್ ಚೆಂಡು ಇರುತ್ತದೆ, ಒತ್ತಿದರೆ ಪೆಟ್ರೋಲು ಮೋಟಾರಿಗೆ ಏರುತ್ತದೆ. ಒಂದೆರಡು ಸಲ ಒತ್ತಿದರೆ ಗಟ್ಟಿಯಾಗಿ ನಿಲ್ಲಬೇಕು. ಗೌಡರು ಅದನ್ನು ಎಮ್ಮೆ ಹಿಂಡುವ ಹಾಗೆ ಹಿಂಡಿದರು. ಅದು ಗಟ್ಟಿಯಾಗಲೇ ಇಲ್ಲ. ದಂಡೆಯ ಮೇಲಿನ ಜನಕ್ಕೆ ಈಗ ಬಾಯಿ ಬಂತು. "ಇನ್ನಾ ಒತ್ರಿ ಗೌಡ್ರೆ." "ಚೋಕ್ ಎಳಿಯೋ." "ಪೆಟ್ರೋಲ್ ಏರವಲ್ದು, ಇನ್ನಾ ಒತ್ತು." ಏರುವುದೇನು ಬಂತು? ಆಗಲೇ ನೀರಿನ ಮೇಲೆ ಪೆಟ್ರೋಲಿನ ಬಣ್ಣ ತೇಲುತ್ತಿತ್ತು, ಕಣ್ಣು ಉರಿಯುವಷ್ಟು ವಾಸನೆ. ಅಪ್ಪನ ಸ್ಕೂಟರು ಆಳಂದದಲ್ಲಿ ದಿನಾ ಬೆಳಿಗ್ಗೆ ಆಡುತ್ತಿದ್ದ ಆಟವೇ ಇದು, ಒಳಗೆ ಪೆಟ್ರೋಲು ತುಂಬಿ ಉಕ್ಕಿ, ಕಿಡಿ ಹತ್ತದೆ ಸಾಯುವುದು.

"ಓವರ್ ಆಗ್ಯಾದ! ಕೈ ಬಿಡ್ರಿ ಗೌಡ್ರೆ, ಬಿಡ್ರಿ ಅಂದ್ರ ಬಿಡ್ರಿ!" ಎಂದು ಅವರ ಕೈಯನ್ನೇ ಹೊಡೆದು ತೆಗೆಸಿದೆ. ಗೌಡರ ಮೈ ಮುಟ್ಟಿ ಹೊಡೆದವಳು ಎಂದು ಈಗಲೂ ಆ ಊರಲ್ಲಿ ನನ್ನ ಹೆಸರಿದೆ. ಇರಲಿ.

ದೋಣಿಯಲ್ಲಿದ್ದ ಪಾನಾ ಹಾಕಿ ಪ್ಲಗ್ಗು ಬಿಚ್ಚಿದರೆ ಅದ್ದಿ ತೆಗೆದಂತೆ ತೊಯ್ದಿತ್ತು. ಪೈಪು ಕಳಚಿ, ಚೋಕ್ ಒಳಗೆ ತಳ್ಳಿ, ಯಲ್ಲಪ್ಪನ ಕೈಲಿ ಬರಿದೇ ಹಗ್ಗ ಜಗ್ಗಿಸಿ ಒಳಗಿನ ಪೆಟ್ರೋಲು ಹೊರಗೆ ಉಗುಳಿಸಿದೆ. ಪ್ಲಗ್ಗನ್ನು ನನ್ನ ಚೀಲದಲ್ಲಿದ್ದ, ಗಾಯಕ್ಕೆ ಕಟ್ಟುವ ಬಟ್ಟೆಯಿಂದ ಒರೆಸಿ ಹಾಕಿದೆ. ಪೈಪು ಕೂಡಿಸಿ ಜಗ್ಗಿದಾಗ ಬಿಳಿ ಹೊಗೆ ಕಾರಿ ಮೋಟಾರು ಹತ್ತಿಕೊಂಡಿತು. ದಂಡೆಯಲ್ಲಿ ಯಾರೋ ದೇವರ ಹೆಸರು ಕೂಗಿದರು. ಕೂಗಲಿ ಬಿಡಿ ಅಂದುಕೊಂಡೆ.

ಹಳ್ಳದ ನಡುವೆ, ನದಿಯ ಸೆಳೆತ ಶುರುವಾಗುವಲ್ಲಿ, ಅದು ಕೆಮ್ಮಿತು, ಮುಗ್ಗರಿಸಿತು, ನಿಂತಿತು. ಮತ್ತೆ ಅದೇ ವಾಸನೆ. ದೋಣಿ ಅಡ್ಡಡ್ಡ ತಿರುಗಿ ನದಿಯ ಕಡೆ ಜಾರತೊಡಗಿತು. ಯಲ್ಲಪ್ಪ ಗಳ ಊರಿ, ಮುಳುಗಿದ ಜಾಲಿಯ ತಲೆಯೊಂದನ್ನು ಹಿಡಿದು ಹಗ್ಗ ಬಿಗಿದ. ಮುಳ್ಳು ಅವನ ಮುಂಗೈಯನ್ನೆಲ್ಲ ಗೀರಿತು. ಮರದ ತುಂಬ ಕೆಂಪು ಇರುವೆ, ಅವಕ್ಕೂ ಬೇರೆ ಜಾಗ ಇರಲಿಲ್ಲ, ನಮ್ಮ ಮೈಮೇಲೆ ಸುರಿದವು. ಮಹಾದೇವಿ ವಸಡಿನಿಂದ ರಕ್ತ ಉಗುಳಿದಳು. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡದ್ದನ್ನು ನಾನು ನೋಡಿದೆ. 

ಇಂಥ ಮೋಟಾರಿನ ಕಾರ್ಬೋರೇಟರಿನ ಹೊಟ್ಟೆಯಲ್ಲೊಂದು ಸಣ್ಣ ಬಟ್ಟಲು ಇರುತ್ತದೆ. ಮನೆಯ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಇರುತ್ತದಲ್ಲ, ಅಂಥದೇ ಒಂದು ಅದರಲ್ಲೂ ತೇಲುತ್ತದೆ. ಬಟ್ಟಲು ತುಂಬಿದಾಗ ಅದು ಮೇಲೆದ್ದು ಒಂದು ಸೂಜಿಯನ್ನು ತೂತಿಗೆ ಒತ್ತಿ ಪೆಟ್ರೋಲು ನಿಲ್ಲಿಸುತ್ತದೆ. ಸೂಜಿ ಕೂರದಿದ್ದರೆ ನಿಲ್ಲುವುದಿಲ್ಲ. ಅಪ್ಪ ಪಾನಾದ ಹಿಡಿಕೆಯಿಂದ ಬಟ್ಟಲಿಗೆ ನಾಲ್ಕು ಏಟು ಹಾಕಿದರೆ ಸೂಜಿ ಸಡಿಲಾಗಿ ಸರಿಹೋಗುತ್ತಿತ್ತು. ನಾನೂ ಹಾಕಿದೆ. ಸಿಟ್ಟಿನ ಏಟು, ಜೋರಾಗಿಯೇ ಬಿತ್ತು. ಏನೂ ಆಗಲಿಲ್ಲ. ಬಿಚ್ಚುವುದೊಂದೇ ಉಳಿದಿತ್ತು. ನಾನು ಸ್ಕೂಟರಿನದು ಬಿಚ್ಚುವುದನ್ನು ನೋಡಿದ್ದೆನೇ ಹೊರತು ಬಿಚ್ಚಿರಲಿಲ್ಲ. ಒಂದು ಸ್ಕ್ರೂ ಜಾರಿದರೆ ಭೀಮೆಯ ಪಾಲು. ಗೌಡರ ಶಲ್ಯವನ್ನು ಕೇಳದೆಯೇ ಎಳೆದು ಕೆಳಗೆ ಹಾಸಿದೆ. ಯಲ್ಲಪ್ಪ ಪಾನಾ ತಿರುಗಿಸಿದ, ಬಟ್ಟಲು ಕಳಚಿ ಕೈಗೆ ಬಂತು.

ತಳದಲ್ಲಿ ಬಿಳಿ ರಾಡಿ. ಸೂಜಿ ಕೂರುವ ತೂತಿನ ಸುತ್ತಲೂ ಬಿಳಿ, ಬೆರಳಿಗೆ ಹತ್ತಿದರೆ ಮರಳು ಮರಳು. ಪೈಪಿನ ಬಾಯಿಗೆ ಎಳೆದ ವಿಭೂತಿ! ಒಣಗಿ ಉದುರಿ ಪೆಟ್ರೋಲಿನ ಜೊತೆ ಹರಿದು ಬಂದಿತ್ತು. ನಡುವೆ ಕಸ ಸೋಸಿ ತಡೆಯಬೇಕಿದ್ದ ಜಾಲರಿ ಎಂದೋ ಒಡೆದಿದೆಯೆಂದು ಯಾರೋ ಕಿತ್ತೆಸೆದು ಪೈಪನ್ನು ನೇರ ಕೂಡಿಸಿದ್ದರು.

ನಾನು ಬಟ್ಟಲನ್ನು ಗೌಡರ ಮೂಗಿನ ಮುಂದೆ ಹಿಡಿದೆ. "ನೋಡ್ರಿ. ಏನದ ಇದು?"

ಅವರು ಬಗ್ಗಿ ನೋಡಿದರು. ಈಗಲಾದರೂ ನಾಚುತ್ತಾರೆ ಅಂದುಕೊಂಡೆ. ಅವರು ಕೈ ಮುಗಿದರು. "ನಾ ಹೇಳ್ಲಿಲ್ಲ ತಂಗೆವ್ವ? ದೇವರು ಬ್ಯಾಡ ಅಂದಾನ. ಅದಕ್ಕ ತಡದು ನಿಂತಾನ" ಅಂದರು.

ಇಂಥವರಿಗೆ ಏನು ಹೇಳುವುದು? ಕಣ್ಣ ಮುಂದೆ ಕಾರಣ ಬಿದ್ದಿದೆ, ಅದನ್ನೇ ಎತ್ತಿ ಹಣೆಗೆ ಹಚ್ಚಿಕೊಳ್ಳುತ್ತಾರೆ.  ಉತ್ತರ ಕೊಟ್ಟವಳು ಮಲಗಿದ್ದ ಮಹಾದೇವಿ. ಅಷ್ಟು ನೋವಿನಲ್ಲೂ ತಲೆ ಎತ್ತಿ, "ಗೌಡ್ರೆ, ದೇವರಿಗಿ ಬ್ಯಾಡ ಅನ್ನೋದಿದ್ರ ಬಾಯಿ ಬಿಟ್ಟು ಹೇಳ್ತಿದ್ದ. ಪೆಟ್ರೋಲ್ ಪೈಪಿನ್ಯಾಗ ಹೊಕ್ಕು ಯಾಕ ಕುಂದರತಿದ್ದ?" ಅಂದಳು. ಯಲ್ಲಪ್ಪನಿಗೆ ನಗು ತಡೆಯಲಾಗಲಿಲ್ಲ. ನನಗೂ ಅಷ್ಟೇ. ಆ ನಡುನೀರಿನಲ್ಲಿ, ಇರುವೆ ಕಡಿಸಿಕೊಳ್ಳುತ್ತ ನಕ್ಕೆವು.

ಚೀಲದಲ್ಲಿ ಸಿರಿಂಜು ಇದ್ದವು. ಪೆಟ್ರೋಲು ಎಳೆದುಕೊಂಡು, ಕೂಸುಗಳಿಗೆ ಚುಚ್ಚುವ ಸೂಜಿಯಿಂದಲೇ ಆ ತೂತಿಗೆ ಹಾರಿಸಿ ಹಾರಿಸಿ ತೊಳೆದೆ. ಪೈಪಿನ ಬಾಯಿಯನ್ನು ಯಲ್ಲಪ್ಪ ಅಂಗಿಯಿಂದ ಉಜ್ಜಿದ. ಮರಳಿ ಕೂಡಿಸಿ ರಬ್ಬರ್ ಚೆಂಡು ಒತ್ತಿದಾಗ ಅದು ಕೈಯಲ್ಲಿ ಗಟ್ಟಿಯಾಗಿ ನಿಂತಿತು. ಒಂದು ಹನಿಯೂ ಸೋರಲಿಲ್ಲ. ಮೋಟಾರು ಹತ್ತಿ, ಆಚೆ ದಂಡೆ ಮುಟ್ಟುವವರೆಗೂ ಒಂದೇ ಸಮ ಓಡಿತು. ಆಂಬುಲೆನ್ಸಿನವರು ಕಾದು ಕಾದು, ಇನ್ನೇನು ಹೊರಡುವುದರಲ್ಲಿದ್ದರು.

ಅಫಜಲಪುರದಲ್ಲಿ ಔಷಧಿ ಬಿತ್ತು, ಅಲ್ಲಿಂದ ಕಲಬುರಗಿಗೆ ಕಳಿಸಿದರು. ಜೀವ ಉಳಿಯಿತು. ಮೂತ್ರಪಿಂಡ ಉಳಿಯಲಿಲ್ಲ. ತಡವಾಗಿ ಬಂದಿರಿ ಎಂದು ಡಾಕ್ಟರು ಹೇಳಿದರು. ಎಷ್ಟು ತಡ, ಯಾಕೆ ತಡ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನ ಹತ್ತಿರ ಒಂದು ಪಡಸಾಲೆಯ ತುಂಬ ಜನರಿದ್ದರು.

ನೀರು ಇಳಿಯಿತು. ಕೆಸರು ಒಣಗಿ ಬಿರಿಯಿತು, ಉಳಿದವರು ಕಡಲೆ ಬಿತ್ತಿದರು. ಮಹಾದೇವಿ ಕಲಬುರಗಿಯಲ್ಲಿ ಅಣ್ಣನ ಮನೆಯಲ್ಲಿದ್ದು ಡಯಾಲಿಸಿಸ್ ಯಂತ್ರದಲ್ಲಿ ರಕ್ತ ತೊಳೆಸಿಕೊಳ್ಳುತ್ತಿದ್ದಳು. ಊರಲ್ಲಿ ಕಥೆ ತಯಾರಾಯಿತು. ಖಂಡೆ ಮುರಿದು ಮೋಟಾರು ಎತ್ತಿದರು, ನದಿ ಅವಳನ್ನು ಹಿಡಿದುಕೊಂಡಿದೆ, ಜೀವವನ್ನೊಂದು ಉಳಿಸಿ ಒಳಗಿನದನ್ನೆಲ್ಲ ತಿನ್ನುತ್ತಿದೆ ಎಂದು. ಬಾಣಂತಿಯರು ನನಗೇ ಹೇಳುತ್ತಿದ್ದರು. ಗೌಡರು ಅದನ್ನು ಹಬ್ಬಿಸಲಿಲ್ಲ, ಅಲ್ಲಗಳೆಯಲೂ ಇಲ್ಲ. ಅವಳ ಮನೆಗೆ ಜೋಳ ಕಳಿಸಿದರು. ನಾನು ಹೋದಲ್ಲೆಲ್ಲ ಜಗಳ ತೆಗೆದೆ, ಬಟ್ಟಲಿನ ರಾಡಿಯ ಕಥೆ ಹೇಳಿದೆ. "ಹೌದ್ರಿ ಸಿಸ್ಟರ್" ಅನ್ನುತ್ತಿದ್ದರು. ಕಲ್ಲಿಗೆ ನೀರು ಹೊಯ್ದ ಹಾಗೆ.

ಬೇಸಿಗೆ ಶುರುವಿಗೆ ಯಲ್ಲಪ್ಪ ನನ್ನ ಕ್ವಾರ್ಟರ್ಸಿನ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ತೆಂಗಿನಕಾಯಿ, ಊದಿನಕಡ್ಡಿಯ ಪೊಟ್ಟಣ. ಕಲಬುರಗಿಗೆ ಹೋದಾಗ ಮಹಾದೇವಿ ಕೊಟ್ಟು ಕಳಿಸಿದ್ದಳಂತೆ.

"ಮೋಟಾರಿನ ಮುಂದ ಒಡಿ ಅಂದಾಳ್ರಿ ಅಕ್ಕ. ಪೂಜಿ ಮುರದದ್ದು ತನ್ನ ಸಲುವಾಗಿ, ತಪ್ಪಾತು ಅಂತ ಹೇಳು ಅಂದಾಳ. ನಾ ಏನ್ ಮಾಡ್ಲಿ?"

ನಾನು ಅವಳಿಗೆ ಫೋನು ಮಾಡಿ ಬೈಯಲು ಹೊರಟೆ. ಮೆಣಸಿನಕಾಯಿ ಸುಡುವವರನ್ನು ಬಿಡದವಳು ನೀನೇನೇ ಎಂದು ಕೇಳಬೇಕೆಂದಿದ್ದೆ. ಅವಳ ದನಿ ಕೇಳಿ ಬೈಯುವುದು ಬಿಟ್ಟೆ. ಅಷ್ಟು ಸಣ್ಣ ದನಿ ಅವಳದಾಗಿರಲಿಲ್ಲ. "ನೋಡಾಕ ಬಂದವ್ರೆಲ್ಲ ಅದೇ ಮಾತು ಅಂತಾರ್ರಿ ಸಿಸ್ಟರ್. ಎಷ್ಟಂತ ಬಡದಾಡ್ಲಿ? ಒಂದ್ ಕಾಯಿ, ಒಡದ್ ಬಿಡ್ರಿ" ಅಂದಳು.

ಒಡೆದೆ. ಗೌಡರ ಶೆಡ್ಡಿಗೆ ಹೋಗಿ, ಆ ದರಿದ್ರ ಮೋಟಾರಿನ ಮುಂದೆ ನಿಂತು, ಅದನ್ನೂ ಊರನ್ನೂ ಬಾಯಿಗೆ ಬಂದಂತೆ ಬೈಯುತ್ತ ಒಡೆದೆ. ಯಲ್ಲಪ್ಪ ಊದಿನಕಡ್ಡಿ ಹಚ್ಚಿದ. ಅವಳಿಗೆ ಫೋನು ಮಾಡಿ ಹೇಳಿದೆ.

"ಕಾಯಿ ಚಲೋ ಇತ್ತೇನ್ರಿ?" ಎಂದು ಕೇಳಿದಳು.

"ಚಲೋ ಇತ್ತು. ಎರಡೂ ಹೋಳು ಬೆಳ್ಳಗಿದ್ವು." ಅದು ಸುಳ್ಳಲ್ಲ, ಹಾಗೆಯೇ ಇತ್ತು.

"ಹಂಗಾದ್ರ ಮಾಫ್ ಆತು ಬಿಡ್ರಿ" ಅಂದಳು. ಎಷ್ಟೋ ತಿಂಗಳಿಂದ ಕಾಣದ ಸಮಾಧಾನ ಇತ್ತು ಆ ದನಿಯಲ್ಲಿ. ಮುಂದಿನ ವಾರ ತೀರಿಕೊಂಡಳು.

ಆ ಊರಲ್ಲಿ ತಪ್ಪಾಯಿತು ಎನ್ನಬೇಕಾದವರು ಬಹಳ ಜನ ಇದ್ದರು. ಅಂದವಳು ಅವಳೊಬ್ಬಳೇ.